ಅಂಗಳದ ಮರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಪುಣೆಯ ಕೋಥ್ರೂಡಿನ ನಮ್ಮ ಅಂಗಳದಲ್ಲಿ 25 ವರ್ಷದ ಗುಲ್‌ಮೊಹರ್ ಇದೆ. ಒಂದು ದಪ್ಪ ಕೊಂಬೆ ಪಕ್ಕದವರ ಹಂಚಿನ ಮೇಲೆ ಚಾಚಿದೆ. ಮಳೆಗಾಲಕ್ಕೆ ಮುಂಚೆ ತಲೆ ಪೂರ್ತಿ ಬೋಳಿಸಿಬಿಡೋಣ ಅನ್ನುತ್ತಾನೆ ಮಾಳಿ. ಒಪ್ಪಬಹುದೇ?

ಉತ್ತರ: ದಯವಿಟ್ಟು ಒಪ್ಪಬೇಡಿ. ತಲೆ ಬೋಳಿಸಿದ ಗುಲ್‌ಮೊಹರ್ ಕೆಲವೇ ವರ್ಷಗಳಲ್ಲಿ ಮೊದಲಿಗಿಂತ ಅಪಾಯದ್ದಾಗುತ್ತದೆ. ಕಡಿದ ತುದಿಯ ಸುತ್ತ ಹತ್ತಾರು ಚಿಗುರು ಒಟ್ಟಿಗೆ ನುಗ್ಗುತ್ತವೆ. ಅವಕ್ಕೆ ಮೇಲ್ಪದರದ ಹಿಡಿತ ಬಿಟ್ಟರೆ ಬೇರೆ ಆಧಾರವಿಲ್ಲ. ಇತ್ತ ಕಡಿದ ಬಾಯಿಂದ ನೀರಿಳಿದು ಕೊಂಬೆ ಒಳಗೇ ಕೊಳೆಯುತ್ತದೆ. ಮೊದಲೇ ಮೆದು ಕಟ್ಟಿಗೆಯ ಮರ. ಜೂನ್ ಗಾಳಿಗೆ ಮುರಿದು ಬೀಳುವುದು ಇಂಥ ಚಿಗುರುಗಳೇ.

ತೆಗೆಯಬೇಕಾದ್ದು ಆ ಒಂದು ಕೊಂಬೆ, ಜೊತೆಗೆ ಒಣಗಿದವು. ಎಲೆ ಉದುರಿರುವ ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ. ಗಾಯ ಮಳೆಗೆ ಮುಂಚೆ ಆರುತ್ತದೆ. ಯಾವುದು ಒಣಗಿದ್ದು ಎಂದು ತಿಳಿಯದಿದ್ದರೆ ತೊಗಟೆಯನ್ನು ಉಗುರಿನಿಂದ ಕೆರೆಯಿರಿ. ಅಡಿಯಲ್ಲಿ ಹಸಿರಿದ್ದರೆ ಜೀವವಿದೆ.

ಮಚ್ಚು ಬೇಡ, ಗರಗಸ ಬಳಸಿ. ಕೊಂಬೆ ಹಂಚಿನ ಮೇಲಿರುವುದರಿಂದ ತುದಿಯಿಂದ ತುಂಡುತುಂಡಾಗಿ, ಹಗ್ಗ ಕಟ್ಟಿ ಇಳಿಸಬೇಕು. ಬುಡದ ತುಂಡಿಗೆ ಮೂರು ಸಲ ಕೊಯ್ಯಬೇಕು. ಮೊದಲು ಕಾಂಡದಿಂದ ಒಂದಡಿ ಆಚೆ, ಕೆಳಗಿನಿಂದ ಮೇಲಕ್ಕೆ, ದಪ್ಪದ ಮೂರನೇ ಒಂದು ಭಾಗದಷ್ಟು. ಆಮೇಲೆ ಅದಕ್ಕಿಂತ ಎರಡು ಬೆರಳು ಆಚೆ ಮೇಲಿನಿಂದ ಕೊಯ್ದರೆ ಕೊಂಬೆ ಕಳಚುತ್ತದೆ. ಕೆಳಗಿನ ಕಚ್ಚು ಹಾಕದಿದ್ದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನು ಮೊಳದುದ್ದ ಸೀಳಿಕೊಂಡು ಹೋಗುತ್ತದೆ. ಕೊನೆಗೆ ಉಳಿದ ಮೊಂಡು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಬಳೆಯಂಥ ಉಬ್ಬು ಇರುತ್ತದೆ. ಅದನ್ನು ಮುಟ್ಟದೆ, ಅದರ ಹೊರಅಂಚಿಗೆ ಕೊಯ್ಯಿರಿ. ಗಾಯ ಮುಚ್ಚುವ ತೊಗಟೆ ಬೆಳೆಯುವುದು ಅಲ್ಲಿಂದಲೇ. ಕಾಂಡಕ್ಕೆ ಸಮವಾಗಿ ಕೊಯ್ದರೆ ಆ ಉಬ್ಬೇ ಹೋಗುತ್ತದೆ. ಗೇಣುದ್ದ ಮೊಂಡು ಬಿಟ್ಟರೆ ಅದು ಕೊಳೆತು, ಕೊಳೆ ಒಳಕ್ಕಿಳಿಯುತ್ತದೆ. ಡಾಂಬರು, ಪೇಂಟು ಬಳಿಯಬೇಡಿ. ತೇವ ಒಳಗೇ ಉಳಿಯುತ್ತದೆ. ಒಂದು ವರ್ಷದಲ್ಲಿ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯುವುದೂ ಬೇಡ. ಮರ ನಿಮ್ಮದೇ ಆದರೂ ಪಾಲಿಕೆಯ ಉದ್ಯಾನ ವಿಭಾಗಕ್ಕೆ ಮೊದಲೇ ಅರ್ಜಿ ಕೊಡಿ. ಹಕ್ಕಿಗೂಡು ಇದೆಯೇ ನೋಡಿಕೊಳ್ಳಿ.

ಪ್ರಶ್ನೆ: ತೆಂಗು ತೀರಾ ಎತ್ತರ ಆಗಿದೆ. ತುದಿ ಕತ್ತರಿಸಿ ಗಿಡ್ಡ ಮಾಡಬಹುದೇ? (ಡೊಂಬಿವಲಿ)

ಉತ್ತರ: ಆಗದು. ತೆಂಗಿಗೆ ಇರುವುದು ಒಂದೇ ಸುಳಿ; ಅದು ಹೋದರೆ ಮರವೇ ಹೋಯಿತು. ಒಣಗಿ ಜೋತ ಗರಿ, ಬಲಿತ ಕಾಯಿ ಇಳಿಸಿದರೆ ಸಾಕು. ಹಸಿ ಗರಿ ಕಡಿಯಬೇಡಿ, ಹಸಿ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬರುತ್ತದೆ.

ಪ್ರಶ್ನೆ: ಮುಂಬೈ ಚೆಂಬೂರಿನ ನಮ್ಮ ಸೊಸೈಟಿಯ ಹಳೆ ಮಾವಿನ ಕಾಂಡದಲ್ಲಿ ತೂತು, ಕೆಳಗೆ ಮರದ ಹುಡಿ. ಬುಡದಲ್ಲಿ ಗಟ್ಟಿ ಅಣಬೆ ಎದ್ದಿದೆ. ಕಡಿಸುವುದೇ ದಾರಿಯೇ?

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆ. ಹುಡಿ ಉದುರಿಸುವುದು ಕಾಂಡಕೊರಕ. ಕೊಕ್ಕೆ ಮಾಡಿದ ತಂತಿ ತೂರಿಸಿ ಹುಳು ಎಳೆದು ತೆಗೆಯಿರಿ, ಪೆಟ್ರೋಲಿನಲ್ಲಿ ಅದ್ದಿದ ಹತ್ತಿ ತುರುಕಿ ಹಸಿ ಮಣ್ಣಿನಿಂದ ಬಾಯಿ ಮುಚ್ಚಿ. ಮತ್ತೆ ಹುಡಿ ಬಂದರೆ ಮತ್ತೆ ಮಾಡಿ. ಒಣಗಿದ ಕೊಂಬೆಯನ್ನು ಮಳೆಯಲ್ಲೇ ಕೊಯ್ಯಬೇಕಾಗಿ ಬಂದರೆ ಗಾಯಕ್ಕೆ ಶಿಲೀಂಧ್ರ ತಡೆಯುವ ಬೋರ್ಡೋ ಮುಲಾಮು ಹಚ್ಚಿ: ಅರ್ಧ ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತ, ಇನ್ನರ್ಧ ಲೀಟರಿಗೆ 100 ಗ್ರಾಂ ಸುಣ್ಣ, ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ ಕೂಡಿಸಬೇಕು. ಕಬ್ಬಿಣದ ಪಾತ್ರೆ ಬೇಡ. ಅದ್ದಿದ ಚಾಕುವಿಗೆ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು.

ನಮಗೆ ಆತಂಕ ತಂದದ್ದು ಅಣಬೆ. ಬುಡದ ಗಟ್ಟಿ ಅಣಬೆ ಎಂದರೆ ಬೇರು, ಬೊಡ್ಡೆ ಒಳಗೆ ಕೊಳೆಯುತ್ತಿರುವ ಸೂಚನೆ. ಎಲೆ ಹಸಿರಾಗಿದ್ದರೂ ಮರ ಬೀಳಬಹುದು. ಮರದ ಸುತ್ತಿಗೆಯಿಂದ ಬೊಡ್ಡೆಯ ಸುತ್ತ ತಟ್ಟಿ, ಟೊಳ್ಳು ಸದ್ದು ಕೇಳಿ. ಒಂದು ಕಡೆ ನೆಲ ಬಿರಿದು ಎದ್ದಿದೆಯೇ ನೋಡಿ. ಇದ್ದರೆ ಕಾರು, ಮಕ್ಕಳನ್ನು ಅಲ್ಲಿಂದ ದೂರವಿಟ್ಟು ಅಂದೇ ಫೋಟೊ ಸಹಿತ ವಾರ್ಡ್ ಕಚೇರಿಯ ಮರ ಅಧಿಕಾರಿಗೆ ಬರೆಯಿರಿ. ಮಹಾರಾಷ್ಟ್ರದ ನಗರಗಳಲ್ಲಿ 1975ರ ಮರ ಸಂರಕ್ಷಣಾ ಕಾಯ್ದೆಯಂತೆ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಬುಡಕ್ಕೆ ಆಸಿಡ್ ಸುರಿದು ಒಣಗಿಸುವುದೂ ಕಡಿದಂತೆಯೇ. 2021ರ ತಿದ್ದುಪಡಿಯ ಪ್ರಕಾರ 50 ವರ್ಷ ದಾಟಿದ್ದು ಪಾರಂಪರಿಕ ಮರ. ಕಡಿದ ಮರದ ವಯಸ್ಸಿನಷ್ಟು ಸಸಿ ನೆಡುವ ಹೊಣೆಯೂ ಇದೆ.

ಪ್ರಶ್ನೆ: ಗೋವಾದ ವಾಸ್ಕೋ ಮನೆಯಲ್ಲಿ ಸುಬಾಬುಲ್ ಗಾಳಿಗೆ ಬಿತ್ತು. ಅದೇ ಗುಂಡಿಯಲ್ಲಿ ಏನು ನೆಡಲಿ?

ಉತ್ತರ: ಅದೇ ಗುಂಡಿ ಬೇಡ, ಹಳೆ ಬೇರು ಕೊಳೆಯುತ್ತ ನೆಲ ಕುಸಿಯುತ್ತದೆ. ಎರಡು ಮೀಟರ್ ಪಕ್ಕಕ್ಕೆ ಹೋಗಿ. ಸುಬಾಬುಲ್ ಬುಡ ಮತ್ತೆ ಚಿಗುರುತ್ತದೆ, ಅದನ್ನು ಕಿತ್ತೇ ತೆಗೆಯಿರಿ. ರೆಂಜೆ, ಹೊಳೆದಾಸವಾಳ, ಕಕ್ಕೆ ಚೆನ್ನ. ನೆರಳೂ ಹೂವೂ ಬೇಕಾದವರಿಗೆ ರೆಂಜೆಯೇ ನಮ್ಮ ಮೊದಲ ಆಯ್ಕೆ. ಗೋಡೆಯಿಂದ 4–5 ಮೀಟರ್ ದೂರವಿರಲಿ.

ಗುಂಡಿ ಮೂರಡಿ ಅಗಲ, ಎರಡೂವರೆ ಅಡಿ ಆಳ. ಜಂಬಿಟ್ಟಿಗೆ ನೆಲದಲ್ಲಿ ಗುಂಡಿಯ ಗೋಡೆ ನಯವಾಗಿದ್ದರೆ ನೀರು ಬೋಗುಣಿಯಂತೆ ನಿಲ್ಲುತ್ತದೆ, ಬೇರು ಒಳಗೇ ಸುತ್ತುತ್ತದೆ. ಹಾರೆಯಿಂದ ಗೋಡೆ ಒರಟು ಮಾಡಿ. ಚೀಲದಲ್ಲಿ ಸುತ್ತಿಕೊಂಡ ಬೇರನ್ನು ಕತ್ತರಿಸಿ ಬಿಡಿಸಿ. ಕಾಂಡ ಬೇರಾಗಿ ಅಗಲವಾಗುವ ಜಾಗ ನೆಲಮಟ್ಟದಲ್ಲೇ ಇರಲಿ. ಹೂತುಹೋದರೆ ತೊಗಟೆ ಕೊಳೆಯುತ್ತದೆ. ಮೊದಲ ಮಳೆ ಚೆನ್ನಾಗಿ ಬಿದ್ದ ಮೇಲೆ ನೆಡಿ. ಒಣ ಎಲೆಯ ಹೊದಿಕೆ ಕಾಂಡಕ್ಕೆ ತಾಗದಂತೆ ಗೇಣಗಲ ಬಿಟ್ಟು ಹಾಸಿ. ಮಳೆ ನಿಂತ ಮೇಲೆ ಎರಡು ಬೇಸಿಗೆ, ವಾರಕ್ಕೆರಡು ಸಲ 20 ಲೀಟರ್ ನೀರು ಬುಡದ ಪಾತಿಗೆ ನಿಧಾನವಾಗಿ ಇಂಗಿಸಿ.