ಓದುಗರ ಪ್ರಶ್ನೆ: ಕ್ವಾರ್ಟರ್‌ಬ್ಯಾಕ್ ದೊಡ್ಡ ಆಟಗಾರನಾದರೆ ಮಾತ್ರ ಕಪ್ ಗೆಲ್ಲಬಹುದೇ?

ಪ್ರಶ್ನೆ: ಅಮೆರಿಕದ ಕ್ಲೈಂಟುಗಳ ಸಹವಾಸದಿಂದ ಆಫೀಸಿನಲ್ಲಿ ಎಲ್ಲರಿಗೂ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ಹುಚ್ಚು ಹತ್ತಿದೆ. ಟಾಮ್ ಬ್ರೇಡಿ, ಪ್ಯಾಟ್ರಿಕ್ ಮಹೋಮ್ಸ್ ಥರದ ದೊಡ್ಡ ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸುವ, ಚೆಂಡು ಎಸೆಯುವ ಆಟಗಾರ) ಇಲ್ಲದೆ ಅದರ ಫೈನಲ್ ಸೂಪರ್ ಬೌಲ್ ಗೆಲ್ಲೋಕಾಗಲ್ಲ ಅಂತಾರೆ. ಹೌದೇ?
– ಓದುಗರೊಬ್ಬರು, ಹಿಂಜವಡಿ, ಪುಣೆ

ಉತ್ತರ: ಒಂದು ಸಲ ಗೆಲ್ಲಲು ಬೇಕಿಲ್ಲ. ಮತ್ತೆ ಮತ್ತೆ ಗೆಲ್ಲಬೇಕಾದರೆ ಬೇಕು.

ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಅವರ ಎರಡು ಸೀಸನ್ ಪಕ್ಕಪಕ್ಕ ಇಟ್ಟು ನೋಡಿ. 2013ರಲ್ಲಿ ಡೆನ್ವರ್ ಪರ 55 ಟಚ್‌ಡೌನ್ ಪಾಸ್ (ಎದುರಾಳಿಯ ಕೊನೆಗೆರೆ ದಾಟಿಸಿ ಅಂಕ ತರುವ ಎಸೆತ) ಎಸೆದು ದಾಖಲೆ ಮಾಡಿದರು. ಫೈನಲ್‌ನಲ್ಲಿ ಸಿಯಾಟಲ್ ಎದುರು 43-8ರಿಂದ ಸೋತರು. 2015ರಲ್ಲಿ ವಯಸ್ಸು 39, ತೋಳಿನಲ್ಲಿ ಮೊದಲಿನ ಕಸುವಿಲ್ಲ, ಲೀಗ್ ಹಂತದಲ್ಲಿ 9 ಟಚ್‌ಡೌನ್‌ಗೆ 17 ಇಂಟರ್‌ಸೆಪ್ಷನ್ (ಎದುರಾಳಿಯ ಕೈಸೇರಿದ ಎಸೆತ). ಆ ವರ್ಷವೇ ಕಪ್ ಬಂತು! ಕೆರೊಲೈನಾವನ್ನು 24-10ಕ್ಕೆ ಕಟ್ಟಿಹಾಕಿದ್ದು ಡಿಫೆನ್ಸ್. ಪಂದ್ಯಶ್ರೇಷ್ಠ ಪ್ರಶಸ್ತಿಯೂ ಡಿಫೆನ್ಸಿನ ಲೈನ್‌ಬ್ಯಾಕರ್ ವಾನ್ ಮಿಲ್ಲರ್ ಪಾಲಾಯಿತು. 2000ದ ಬಾಲ್ಟಿಮೋರ್ ಕಥೆಯೂ ಇದೇ. ಲೀಗ್‌ನ 16 ಪಂದ್ಯಗಳಲ್ಲಿ ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದು ಒಟ್ಟು 165 ಅಂಕ. ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಡಿಲ್ಫರ್‌ಗೆ ಇದ್ದ ಮುಖ್ಯ ಕೆಲಸ ಚೆಂಡು ಕಳೆಯದಿರುವುದು. ಕಪ್ ಗೆದ್ದ ಮೇಲೆ ತಂಡ ಅವರನ್ನು ಉಳಿಸಿಕೊಳ್ಳಲೂ ಇಲ್ಲ.

ಇನ್ನು ದುಡ್ಡಿನ ಮಾತು. ಐಪಿಎಲ್ ಹರಾಜಿನ ಪರ್ಸ್‌ನಂತೆ ಅಲ್ಲೂ ತಂಡಕ್ಕೊಂದು ಸಂಬಳದ ಮಿತಿ ಇದೆ, 2025ಕ್ಕೆ 27.92 ಕೋಟಿ ಡಾಲರ್. ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್ 2024ರಲ್ಲಿ ಮಾಡಿಕೊಂಡ ಒಪ್ಪಂದದ ಸರಾಸರಿಯೇ ವರ್ಷಕ್ಕೆ 6 ಕೋಟಿ. ಉಳಿದದ್ದರಲ್ಲಿ ಇನ್ನೂ ಐವತ್ತಕ್ಕೂ ಹೆಚ್ಚು ಜನರನ್ನು ಸಾಕಬೇಕು. ಅದಕ್ಕೇ ಜಾಣ ತಂಡಗಳು ಹುಡುಗ ಕ್ವಾರ್ಟರ್‌ಬ್ಯಾಕ್ ಮೊದಲ ಒಪ್ಪಂದದಲ್ಲಿರುವಾಗಲೇ ಕಪ್‌ಗೆ ಕೈ ಹಾಕುತ್ತವೆ. ಮ್ಯಾನಿಂಗ್‌ರನ್ನು ಸೋಲಿಸಿದ ಸಿಯಾಟಲ್‌ನ ರಸೆಲ್ ವಿಲ್ಸನ್ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವ ಪದ್ಧತಿ) ಮೂರನೇ ಸುತ್ತಿನಲ್ಲಿ ಆರಿಸಲ್ಪಟ್ಟವರು, ಆಗ ಸಂಬಳ ಅಗ್ಗ. ಉಳಿದ ದುಡ್ಡು ಡಿಫೆನ್ಸಿಗೆ ಹೋಯಿತು.

ಸಾಧಾರಣ ಕ್ವಾರ್ಟರ್‌ಬ್ಯಾಕ್ ಇರುವ ತಂಡ ಎಲ್ಲಿ ಮುಗ್ಗರಿಸುತ್ತದೆ ಅಂದರೆ, ಎರಡನೇ ಅರ್ಧದಲ್ಲಿ 14 ಅಂಕ ಹಿಂದೆ ಬಿದ್ದಾಗ. ಚೆಂಡು ಹಿಡಿದು ಓಡಲು ಹೊತ್ತಿಲ್ಲ, ಎಸೆಯಲೇಬೇಕು. ಎದುರಾಳಿಗೂ ಅದು ಗೊತ್ತು. ಮೂರನೇ ಡೌನ್ (ಹತ್ತು ಗಜ ಮುಂದೆ ಸಾಗಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಮೂರನೆಯದು), ಎಂಟು ಗಜ ಬಾಕಿ. ನಾಲ್ವರು ನುಗ್ಗುತ್ತಾರೆ, ಏಳು ಜನ ಹಿಂದೆ ಕಾಯುತ್ತಾರೆ. ಆ ಸಂದಿನಲ್ಲಿ ಚೆಂಡು ತೂರಿಸುವವನೇ ದೊಡ್ಡ ಆಟಗಾರ. ಅವನಿಗೂ ಮುಂದೆ ಗೋಡೆ ಬೇಕು, ಬಿಡಿ: 2021ರ ಫೈನಲ್‌ನಲ್ಲಿ ಕಾವಲಿನ ಇಬ್ಬರು ಟ್ಯಾಕಲ್‌ಗಳೂ ಗಾಯಗೊಂಡು ಹೊರಗಿದ್ದಾಗ ಮಹೋಮ್ಸ್ ತಂಡ ಗಳಿಸಿದ್ದು ಬರೇ 9 ಅಂಕ.

ಹಾಗಿದ್ದರೂ ಅಷ್ಟು ದುಡ್ಡು ಯಾಕೆ ಸುರಿಯುತ್ತಾರೆ? ಒಳ್ಳೆಯ ಡಿಫೆನ್ಸ್ ಎರಡು ಮೂರು ವರ್ಷದಲ್ಲಿ ಚದುರುತ್ತದೆ; ಗಾಯ, ವಯಸ್ಸು, ಬೇರೆ ತಂಡದ ದೊಡ್ಡ ಸಂಬಳ. ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಹತ್ತು ಹದಿನೈದು ವರ್ಷ ಬಾಳುತ್ತಾನೆ. ಬ್ರೇಡಿ ಏಳು ಕಪ್ ಗೆದ್ದದ್ದು ಹೀಗೆ.

ಪ್ರಶ್ನೆ: ಟಿವಿ ನೋಡುತ್ತಾ ಕ್ವಾರ್ಟರ್‌ಬ್ಯಾಕ್ ಗಟ್ಟಿಯೋ ಪೊಳ್ಳೋ ಅಂತ ತಿಳಿಯೋದು ಹೇಗೆ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಎಷ್ಟು ಗಜ ಎಸೆದ ಅನ್ನೋದನ್ನು ಬದಿಗಿಡಿ. 2018ರ ಫೈನಲ್‌ನಲ್ಲಿ ಬ್ರೇಡಿ 505 ಗಜ ಎಸೆದೂ ಸೋತರು. 41-33ಕ್ಕೆ ಗೆದ್ದದ್ದು ಬದಲಿ ಆಟಗಾರ ನಿಕ್ ಫೋಲ್ಸ್ ಇದ್ದ ಫಿಲಡೆಲ್ಫಿಯಾ. ನೋಡಬೇಕಾದ್ದು ಮೂರನೇ ಡೌನ್. ಚೆಂಡು ಕೈಗೆ ಬಂದೊಡನೆ ಮನಸ್ಸಿನಲ್ಲೇ ಎಣಿಸಿ: ಎರಡೂವರೆ ಸೆಕೆಂಡಿನ ಆಸುಪಾಸು ಕೈಬಿಟ್ಟರೆ ಸರಿ, ಮೂರೂವರೆ ದಾಟಿಯೂ ತಡಕಾಡುತ್ತಿದ್ದರೆ ಸ್ಯಾಕ್ (ಎಸೆಯುವ ಮೊದಲೇ ಎದುರಾಳಿ ಕೆಡವುವುದು) ಹತ್ತಿರವಿದೆ ಎಂದೇ ಲೆಕ್ಕ. ಆಮೇಲೆ ಚೆಂಡು ಹಿಡಿಯುವವರಲ್ಲಿ ಮೊದಲು ನೋಡಿದ ರಿಸೀವರ್‌ಗೇ ಜೋತುಬೀಳುತ್ತಾನೋ, ಎರಡನೆಯವನ ಕಡೆ ತಿರುಗುತ್ತಾನೋ ಗಮನಿಸಿ. ಯಾರೂ ಸಿಗದಿದ್ದಾಗ ಚೆಂಡನ್ನು ಗೆರೆಯಾಚೆ ಎಸೆದು ಬಚಾವಾಗುವುದೂ ಜಾಣತನವೇ.

ಫೈನಲ್ ನಮ್ಮ ಗಡಿಯಾರದಲ್ಲಿ ಸೋಮವಾರ ಬೆಳಗ್ಗೆ 5ರ ಸುಮಾರಿಗೆ ಶುರು, ಮುಗಿಯಲು ಮೂರೂವರೆ ತಾಸಿಗೂ ಹೆಚ್ಚು. ಎಂಟರ ಲೋಕಲ್ ಹಿಡಿಯುವವರು ಕೊನೇ ಕ್ವಾರ್ಟರನ್ನು ಮೊಬೈಲಿನಲ್ಲೇ ನೋಡಬೇಕಾದೀತು.