ಪ್ರೊಜೆಕ್ಟರ್ ಲೆನ್ಸ್ ಕ್ಯಾಮೆರಾಗೆ ಕೂರಿಸುವುದು ಹೇಗೆ?

ಪ್ರಶ್ನೆ: ಹಳೆಯ ಸ್ಲೈಡ್ ಪ್ರೊಜೆಕ್ಟರ್‌ನ ಮೇಯರ್ ಡಯಾಪ್ಲಾನ್ 80 ಮಿ.ಮೀ. ಎಫ್/2.8 ಲೆನ್ಸ್ ಸಿಕ್ಕಿದೆ. ಸೋನಿ ಮಿರರ್‌ಲೆಸ್‌ಗೆಂದು ಎಂ42 (42 ಮಿ.ಮೀ. ತಿರುಪಿನ) ಹೆಲಿಕಾಯ್ಡ್, ಅಂದರೆ ತಿರುಗಿಸಿದರೆ ಉದ್ದವಾಗುವ ಫೋಕಸ್ ಕೊಳವೆ, ತರಿಸಿದೆ. ಲೆನ್ಸ್ ಒಳಗೇ ಹೋಗುತ್ತಿಲ್ಲವಲ್ಲ?

ಉತ್ತರ: ಹೋಗುವುದೂ ಇಲ್ಲ. ಲೆನ್ಸ್ ಕೊಳವೆಯ ಹೊರವ್ಯಾಸವೇ 42.5 ಮಿ.ಮೀ. 65 ಮಿ.ಮೀ. ತಿರುಪಿನ ಎಂ65 ಹೆಲಿಕಾಯ್ಡ್ (ಉದ್ದ 17ರಿಂದ 31 ಮಿ.ಮೀ.) ಕೊಳ್ಳಿ, ಹಿಂದೆ ಎಂ65–ಎಂ42 ರಿಂಗ್, ಅದಕ್ಕೆ ಎಂ42–ಸೋನಿ ಇ (ನಿಮ್ಮ ಕ್ಯಾಮೆರಾದ ಮೌಂಟ್) ಅಡಾಪ್ಟರ್. ಕೊಳವೆಗೆ ಕಪ್ಪು ಕಾರ್ಡ್‌ಶೀಟ್ ಸುತ್ತಿ ಬಿಗಿಯಾಗಿ ತೂರಿಸಿ.

ಅಂಟು ಹಾಕುವ ಆತುರ ಬೇಡ. ಹೆಲಿಕಾಯ್ಡ್ ಪೂರ್ತಿ ಮುಚ್ಚಿ, ದೂರದ ಮೊಬೈಲ್ ಟವರ್ ಸ್ಪಷ್ಟವಾಗುವವರೆಗೆ ಲೆನ್ಸನ್ನು ಕೈಯಲ್ಲೇ ಹಿಂದೆಮುಂದೆ ಸರಿಸಿ. ಅಲ್ಲಿಂದ ಕೂದಲೆಳೆಯಷ್ಟು ಒಳಕ್ಕೆ ತಳ್ಳಿ ಟೇಪ್ ಹಾಕಿ. ಲೆನ್ಸ್ ಹೊರಗೆ ಉಳಿದರೆ ದೂರದ್ದೆಲ್ಲ ಮಸುಕು. ಒಂದು ಮೀಟರ್ ದೂರದ ವಸ್ತುವಿಗೆ ಅದು ಸುಮಾರು 7 ಮಿ.ಮೀ. ಮುಂದೆ ಬರಬೇಕು, ಈ ಹೆಲಿಕಾಯ್ಡ್‌ನ 14 ಮಿ.ಮೀ. ಚಲನೆ ಧಾರಾಳ.

ಚಿತ್ರ ಬಿಳಿಚಿದಂತೆ ಕಂಡರೆ ರಿಂಗ್‌ಗಳ ಹೊಳೆಯುವ ಒಳಗೋಡೆಯೇ ಕಾರಣ. ಕಪ್ಪು ವೆಲ್ವೆಟ್ ಕಾಗದ ಅಂಟಿಸಿ. ಕ್ಯಾಮೆರಾ ಈ ಲೆನ್ಸನ್ನು ಗುರುತಿಸದು, ಹಾಗಾಗಿ ಮೆನುವಿನಲ್ಲಿ ‘ಲೆನ್ಸ್ ಇಲ್ಲದೆ ಶಟರ್’ (Release w/o Lens) ಆನ್ ಮಾಡಿ. ಬೆಳಕು ತಗ್ಗಿಸುವ ಅಪರ್ಚರ್ ಇಲ್ಲದ್ದರಿಂದ ಉರಿಬಿಸಿಲಲ್ಲಿ ಐಎಸ್‌ಒ 100ಕ್ಕೇ 1/3200 ಸೆಕೆಂಡ್ ಬೇಕಾದೀತು. ಹಿನ್ನೆಲೆಯ ಗುಳ್ಳೆಗುಳ್ಳೆ ಬೆಳಕಿಗಾಗಿ ಎಲೆಗಳ ಸಂದಿನಿಂದ ಬರುವ ಬಿಸಿಲು ಸಾಕು. ಮೋಡದ ದಿನ ಈ ಲೆನ್ಸ್ ತೀರ ಸಪ್ಪೆ.