ಕೊಟ್ಟಿಗೆ ಸೇರಿದ ಡುರಿಯನ್

ಪ್ರಶ್ನೆ: ಮೂಡಿಗೆರೆ ಬಳಿಯ ನಮ್ಮ ಭಾವನವರು ತಮ್ಮ ಕಾಫಿ ತೋಟದಲ್ಲಿ ಬಿಟ್ಟ ಡುರಿಯನ್ ಹಣ್ಣೊಂದನ್ನು ಕಳುಹಿಸಿದ್ದಾರೆ. ನೋಡಲು ಹಲಸಿನಂತಿದ್ದರೂ ಅದರ ವಾಸನೆ ತಡೆಯಲಾರದೆ ಕೊಟ್ಟಿಗೆಯಲ್ಲಿ ಇಟ್ಟಿದ್ದೇವೆ. ಅದು ಹಲಸಿನ ಜಾತಿಯೇ? ಕೊಳೆತಿರಬಹುದೇ? ಸಕ್ಕರೆ ಕಾಯಿಲೆಯಿರುವ ನಮ್ಮ ಯಜಮಾನರು ತಿನ್ನಬಹುದೇ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ದಯವಿಟ್ಟು ಅದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ವಾಸನೆ ಬಂದ ಮಾತ್ರಕ್ಕೆ ಹಣ್ಣು ಕೊಳೆತಿದೆ ಎಂದಲ್ಲ. ಡುರಿಯನ್ ಹಲಸಿನ ಬಂಧುವಲ್ಲ. ಸಸ್ಯಶಾಸ್ತ್ರದ ಪ್ರಕಾರ ಅದು ದಾಸವಾಳ, ಹತ್ತಿ, ಬೂರುಗಗಳ ಕುಟುಂಬಕ್ಕೆ ಸೇರಿದ್ದು, ಮಲಯ ಭಾಷೆಯಲ್ಲಿ ಮುಳ್ಳಿಗೆ ಹೇಳುವ ‘ದುರಿ’ ಎಂಬ ಪದದಿಂದ ಅದಕ್ಕೆ ಆ ಹೆಸರು ಬಂದಿದೆ.

ವಾಸನೆಗೆ ಕಾರಣ ಗಂಧಕದ ಅಂಶವಿರುವ ಆವಿಗಳು. ಅಡುಗೆ ಅನಿಲ ಸೋರಿದರೆ ತಿಳಿಯಲೆಂದು ಸಿಲಿಂಡರಿಗೆ ಸೇರಿಸುವ ಈಥೈಲ್ ಮರ್ಕ್ಯಾಪ್ಟಾನ್ ಈ ಹಣ್ಣಿನಲ್ಲಿ ಸಹಜವಾಗಿಯೇ ಇರುತ್ತದೆ. 2018ರಲ್ಲಿ ಮೆಲ್ಬರ್ನ್‌ನ ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿ ಅನಿಲ ಸೋರುತ್ತಿದೆಯೆಂದು ಎಲ್ಲರನ್ನೂ ಹೊರಗೆ ಕಳುಹಿಸಿ ಹುಡುಕಿದಾಗ, ಕಪಾಟಿನಲ್ಲಿ ಕೊಳೆತ ಡುರಿಯನ್ ಸಿಕ್ಕಿತ್ತು. ಸಿಂಗಪುರದ ಮೆಟ್ರೋ ರೈಲಿನಲ್ಲಿ ಇದನ್ನು ಒಯ್ಯುವುದಕ್ಕೆ ಅನುಮತಿಯಿಲ್ಲ. ನಿಮ್ಮ ಹಣ್ಣು ಹುಳಿ ನಾತ ಬೀರುತ್ತಿದ್ದರೆ ಅಥವಾ ಬಿರುಕಿನಿಂದ ನೀರು ಒಸರುತ್ತಿದ್ದರೆ ಮಾತ್ರ ಕೆಟ್ಟಿದೆ ಎಂದು ತಿಳಿಯಿರಿ.

ನಾನು ಮೊದಲು ಡುರಿಯನ್ ತಿಂದದ್ದು ಸಕಲೇಶಪುರದ ಸ್ನೇಹಿತರ ಮನೆಯ ಅಂಗಳದಲ್ಲಿ, ಮಳೆ ಬಿಟ್ಟ ಒಂದು ಮಧ್ಯಾಹ್ನ. ಅವರು ಕೈಗೆ ಗೋಣಿತಾಟು ಸುತ್ತಿಕೊಂಡು, ತೊಟ್ಟಿಗೆ ಎದುರಾದ ತುದಿಯಲ್ಲಿ ಮುಳ್ಳುಗಳ ನಡುವೆ ಕಾಣುವ ಗೆರೆಗೆ ಕತ್ತಿಯ ಮೊನೆ ಊರಿ ತಿರುಚಿದರು. ಸಿಪ್ಪೆ ಬಿಚ್ಚಿಕೊಂಡು, ಬಿಳಿಯ ಗೂಡುಗಳಲ್ಲಿ ಬೆಣ್ಣೆಯ ಮುದ್ದೆಯಂಥ ಹಳದಿ ತೊಳೆಗಳು ಕಂಡವು. ಹಲಸಿನಂತೆ ಕೈಗೆ ಎಣ್ಣೆ ಹಚ್ಚಿಕೊಳ್ಳುವ ಅಗತ್ಯ ಬೀಳಲಿಲ್ಲ, ಅದಕ್ಕೆ ಅಂಟು ಮೇಣವಿಲ್ಲ. ಬಾಯಿಗಿಟ್ಟಾಗ ಮೊದಲು ಹಸಿ ಈರುಳ್ಳಿಯ ಘಾಟು ಮೂಗಿಗೆ ಅಡರಿತು. ಆಮೇಲೆ ಗಟ್ಟಿ ಬಾಸುಂದಿಯಂಥ ಸಿಹಿ, ಅದರ ಹಿಂದೆಯೇ ತೆಳುವಾದ ಕಹಿ. ಎರಡನೆಯ ತೊಳೆಯನ್ನು ನಾನೇ ಕೇಳಿ ಪಡೆದೆ. ಹೊರಗೆ ಗಾಳಿಯಾಡುವ ಕಡೆ ಕುಳಿತು, ಬಿಚ್ಚಿದ ಕೂಡಲೇ ತಿನ್ನಬೇಕೆಂಬುದು ಅಂದು ನಾನು ಕಲಿತದ್ದು; ಮನೆಯೊಳಗೆ ಕೊಯ್ದಿದ್ದರೆ ನನಗೂ ಬಹುಶಃ ಹಿಡಿಸುತ್ತಿರಲಿಲ್ಲ.

ನಿಮ್ಮ ಯಜಮಾನರ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ನೂರು ಗ್ರಾಂ ತೊಳೆಯಲ್ಲಿ ಸುಮಾರು 147 ಕ್ಯಾಲೊರಿ, 27 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತವೆ. ಕ್ಯಾಲೊರಿಯ ಲೆಕ್ಕದಲ್ಲಿ ಇದು ಹಲಸಿನ ಹಣ್ಣಿನ ಒಂದೂವರೆ ಪಟ್ಟು. ವೈದ್ಯರನ್ನು ಕೇಳಿ, ಅವರು ಒಪ್ಪಿದರೆ ರುಚಿ ನೋಡುವಷ್ಟು ಕೊಡಿ. ಪೊಟ್ಯಾಸಿಯಮ್ ಹೆಚ್ಚಿರುವುದರಿಂದ ಮೂತ್ರಪಿಂಡದ ತೊಂದರೆಯಿರುವವರು ತಿನ್ನದಿರುವುದೇ ಲೇಸು. ಮದ್ಯದ ಜೊತೆಯಲ್ಲಂತೂ ಯಾರಿಗೂ ಬೇಡ: ಮದ್ಯವನ್ನು ದೇಹದಲ್ಲಿ ಕರಗಿಸುವ ಕಿಣ್ವವೊಂದನ್ನು ಡುರಿಯನ್ ಸಾರ ತಡೆಯುತ್ತದೆಂದು ಜಪಾನಿನ ಸುಕುಬಾ ವಿಶ್ವವಿದ್ಯಾಲಯದವರು 2009ರಲ್ಲಿ ಪ್ರಯೋಗಾಲಯದಲ್ಲಿ ಕಂಡುಕೊಂಡಿದ್ದಾರೆ.

ಬೀಜಗಳನ್ನು ಹಸಿಯಾಗಿ ತಿನ್ನಬಾರದು. ಹಲಸಿನ ಬೀಜದಂತೆ ಬೇಯಿಸಿ ಅಥವಾ ಸುಟ್ಟು ತಿನ್ನಬಹುದು. ಸಿಪ್ಪೆಯನ್ನು ಅಂದೇ ತೋಟದಲ್ಲಿ ಹೂತುಬಿಡಿ.